ಕಟ್ ಆಗಾಕತ್ತೈತ್ರೀ, ಆಮ್ಯಾಲ ಮಾಡ್ತೀನಿ

ಖರೇ ಹೇಳ್ರಿ, ವಾಟ್ಸಾಪ್ ಕಾಲ್ ಎತ್ತಿದ ಕೂಡ್ಲೆ ನಿಮ್ಮ ಬಾಯಿಂದ ಬರೂ ಮೊದಲ್ನೇ ಮಾತು ಯಾವ್ದು? ‘ಆರಾಮ್ ಅದೀಯೇನು’ ಅಲ್ಲ. ‘ಊಟ ಆತೇನು’ ಅಂತೂ ಅಲ್ಲ. ‘ಹಲೋ... ಹಲೋ... ಕೇಳಸಾಕತ್ತೈತೇನು?’ ಆ ಕಡಿಂದ ‘ಹಾಂ, ನನಗ ಕೇಳಸಾಕತ್ತೈತಿ, ನಿನಗ ಕೇಳಸಾಕತ್ತೈತೇನು?’ ಈ ಪಂಚಾಯ್ತಿ ಮುಗಿಯೂದ್ರಾಗ ಒಲಿ ಮ್ಯಾಲಿನ ಬ್ಯಾಳಿ ತಳ ಹತ್ತಿರ್ತೈತಿ.

ಆಮ್ಯಾಲ ಎರಡು ಮಾತು ಆಡಿರ್ತೀರೋ ಇಲ್ಲೋ, ಶುರು. ‘ಕಟ್ ಆಗಾಕತ್ತೈತಿ’, ‘ನಿನ್ನ ದನಿ ಡಬ್ಬಿ ಒಳಗಿಂದ ಬಂದಂಗ ಬರಾಕತ್ತೈತಿ’, ‘ಹೊರಗ ಬಂದು ಮಾತಾಡೋ’. ಕಡೀಗೆ ಇಬ್ರೂ ಸೇರಿ ನೆಟ್ಟಿಗೆ ಬೈತೀರಿ. ಬೈದ ಮ್ಯಾಲ ಒಂದ್ ನಮೂನಿ ಸಮಾಧಾನ ಆಗ್ತೈತಿ, ಹೌದಿಲ್ಲೋ?

ಆದ್ರ ನಮ್ಮೂರು ಹಿಟ್ನಾಳ ಅಂದ್ರ ಕಾಡಿನ ನಡುವಿನ ಊರಲ್ಲ. ಹೈವೇ ಮ್ಯಾಲ ಕುಂತೈತಿ, ಟೋಲ್ ಐತಿ. ಒಂದ್ ಕಡಿ ಹೊಸಪೇಟಿ, ಇನ್ನೊಂದ್ ಕಡಿ ಕೊಪ್ಪಳ, ನಡುವ ಗಿಣಿಗೇರಿ ಫ್ಯಾಕ್ಟರಿ, ಅತ್ತಾಗ ಮುನಿರಾಬಾದಿನ ತುಂಗಭದ್ರಾ ಡ್ಯಾಂ. ಇಷ್ಟೆಲ್ಲಾ ಇದ್ದೂ ನಿಮ್ಮ ಮನಿ ಪಡಸಾಲಿಗೆ ಬಂದ ಕೂಡ್ಲೆ ದನಿ ಹರಿತೈತಿ ಅಂದ್ರ ಸ್ವಲ್ಪ ಯೋಚನಿ ಮಾಡಬೇಕಲ್ರೀ. ನನ್ನ ಲೆಕ್ಕದಾಗ ತಪ್ಪು ನೆಟ್ಟಿಂದು ನಾಕಾಣೆ, ನಿಮ್ದು ಹನ್ನೆರಡಾಣೆ. (ಸಿಟ್ಟಿಗೇಳಬ್ಯಾಡ್ರಿ, ಇನ್ನೂ ಶುರು ಮಾಡಿಲ್ಲ.)

ಹರಕು ದನಿ ಎಂಥಾ ಅನಾಹುತ ಮಾಡ್ತೈತಿ ಅನ್ನೂದು ನಮ್ಮ ಭಾಗದಾವ್ರಿಗೆ ಬ್ಯಾರೇ ಹೇಳಬೇಕಿಲ್ಲ. 2024ರ ಆಗಸ್ಟ್ 10, ರಾತ್ರಿ. ತುಂಗಭದ್ರಾ ಡ್ಯಾಮಿನ 33 ಗೇಟಿನ್ಯಾಗ 19ನೇ ಗೇಟಿನ ಚೈನು ಹರದು ಗೇಟ್ ಕೊಚ್ಚಿ ಹೋತು. ಅವತ್ತು ನಿಮ್ಮ ಫೋನಿಗೆ ಪುರುಸೊತ್ತು ಇತ್ತೇನು? ಬೆಂಗಳೂರಿಂದ ಮಗ, ಗೋವಾದಿಂದ ತಮ್ಮ, ಮಂಗಳೂರಿಂದ ಅಳಿಯ, ಎಲ್ಲಾರ್ದೂ ಒಂದ ಪ್ರಶ್ನಿ: ಏನಾಗೈತಿ?

ನೀವು ಹೇಳಿದ್ದು ‘ಡ್ಯಾಮಿನ ಗೇಟ್ ಹೋತು’. ನಡುವಿನ ಅರ್ಧ ಸೆಕೆಂಡು ಹಾರಿ ಹೋದ್ರ ಆ ಕಡಿಗೆ ಮುಟ್ಟೂದು ‘ಡ್ಯಾಮ್... ಹೋತು’. ಆತಲ್ಲ! ಅಲ್ಲಿದ್ದಾಂವ ಕುಂತಲ್ಲೇ ನಡಗ್ತಾನ. ಅಂವ ಇನ್ನೊಬ್ಬಂಗ ಹೇಳ್ತಾನ, ಇನ್ನೊಬ್ಬ ಗ್ರೂಪಿಗೆ ಹಾಕ್ತಾನ. ಒಂದ್ ವಾರದಾಗ ಡ್ಯಾಮಿನ್ಯಾಗ ಸ್ಟಾಪ್‌ಲಾಗ್ ಅನ್ನೂ ತಾತ್ಕಾಲಿಕ ಗೇಟ್ ಕೂಡ್ರಿಸಿ ನೀರು ತಡದ್ರು. ನಿಮ್ಮ ಬಾಯಿಂದ ಹ್ವಾದ ಸುದ್ದಿ ತಡಿಯಾಕ ಯಾವ ಗೇಟ್ ಐತಿ?

ಸರಿ, ಮೊದಲ ನಿಮ್ಮ ಗಂಟಲಿಂದ ಶುರು ಮಾಡೂಣು. ಫೋನಿನ್ಯಾಗ ಯಾಕ ಅಷ್ಟು ಒದರ್ತೀರಿ? ಬೆಂಗಳೂರಿನ ಮಗನ ಕೂಡ ನೀವು ಮಾತಾಡಿದ್ದು ಮಗಗ ಕೇಳಸ್ತೈತೋ ಇಲ್ಲೋ, ಬಾಜೂಕಿನ ಹುಲಗಿ ತನಕ ಅಂತೂ ಕೇಳಸ್ತೈತಿ. ಊರು ದೂರ ಆದಷ್ಟೂ ನಿಮ್ಮ ದನಿ ಏರ್ತೈತಿ. ಕೊಪ್ಪಳಕ್ಕ ಸಣ್ಣ ದನಿ, ಹುಬ್ಬಳ್ಳಿಗೆ ನಡು ದನಿ, ದುಬೈಗೆ ಮಾಳಗಿ ಹಾರೂ ದನಿ.

ಇದು ನಿಮ್ಮ ತಪ್ಪಲ್ಲ, ಹಿರೇರ ಆಸ್ತಿ. ಒಂದ್ ಕಾಲಕ್ಕ ಒದರಿದ್ರ ಖರೇನ ಉಪಯೋಗ ಇತ್ತು. ನಾವಿನ್ನೂ ರಾಯಚೂರು ಜಿಲ್ಲಾದಾಗ ಇದ್ದಾಗಿನ ಮಾತು (ಕೊಪ್ಪಳ ಜಿಲ್ಲಾ ಆಗಿದ್ದು 1997ಕ್ಕಲ್ಲೇನು). ಟ್ರಂಕ್ ಕಾಲ್ ಬುಕ್ ಮಾಡಿ ಕಾಯ್ಕೋತ ಕುಂಡ್ರೂದು, ಲೈನ್ ಸಿಕ್ಕ ಮ್ಯಾಲ ತಂತಿಯಾಗ ಹ್ವಾದ ದನಿ ದಾರಿ ಉದ್ದಕ್ಕೂ ಸಣ್ಣಾಕ್ಕೋತ ಹೋಗೂದು. ಜೋರು ಮಾತಾಡಿದ್ರ ಆ ಕಡಿಗೆ ನಾಕು ಅಕ್ಷರ ಹೆಚ್ಚಿಗಿ ಮುಟ್ಟತಿದ್ವು. ಅಜ್ಜ ಒದರಿದ, ಅಪ್ಪ ಒದರಿದ, ನೀವೂ ಒದರಾಕತ್ತೀರಿ.

ಆಮ್ಯಾಲ ಡಿಜಿಟಲ್ ಎಕ್ಸ್‌ಚೇಂಜ್ ಬಂದ್ವು. 1984ರಾಗ ಸಿ-ಡಾಟ್ ಸಂಸ್ಥೆ ಹುಟ್ಟಿತು, ಅದನ್ನ ಕಟ್ಟಿದ ಸ್ಯಾಮ್ ಪಿತ್ರೋಡಾ ಅವ್ರ ಹೆಸರು ನೀವೂ ಕೇಳೀರಿ. ಆ ಸಂಸ್ಥೆಯಾವ್ರು ಹಳ್ಳಿಗೋಸ್ಕರ 128 ಲೈನಿನ ಒಂದ್ ಎಕ್ಸ್‌ಚೇಂಜ್ ಮಾಡಿದ್ರು, ಎಸಿ ಬೇಡದ, ನಮ್ಮ ಧೂಳು ಬಿಸಿಲು ತಡಿಯೂದು. ಅದನ್ನ ಮೊದಲು ಕೂಡ್ರಿಸಿದ್ದು ಎಲ್ಲಿ ಅಂತೀರಿ? ದಿಲ್ಲಿ ಹತ್ರ ಅಲ್ಲ, ಮುಂಬೈ ಹತ್ರ ಅಲ್ಲ. ನಮ್ಮ ಕಿತ್ತೂರಿನ್ಯಾಗ, 1986ಕ್ಕ. ಚೆನ್ನಮ್ಮನ ಊರಾಗ.

ಅವತ್ತಿನಿಂದ ಒದರೂದ್ರ ಅಗತ್ಯ ಕಡಿಮಿ ಆಕ್ಕೋತ ಬಂತು. ಈಗಿನ ಫೋನಿನ್ಯಾಗ ನಿಮ್ಮ ದನಿ ಅಂಕಿಗಳಾಗಿ ಹೋಗ್ತೈತಿ. ಅಂಕಿ ಹೊಸಪೇಟಿಗೆ ಹೋದ್ರೂ ಅಷ್ಟ, ಹ್ಯೂಸ್ಟನ್ನಿಗೆ ಹೋದ್ರೂ ಅಷ್ಟ, ದಾರ್ಯಾಗ ಸಣ್ಣ ಆಗಂಗಿಲ್ಲ. ನೀವು ಒದರಿದ್ರ ಮೈಕ್ ತಡಕೊಳ್ಳಂಗಿಲ್ಲ, ದನಿಯ ತುದಿ ಕತ್ತರಿಸಿ ಹೋಗ್ತೈತಿ. ಫೋನ್ ತಾನ ‘ಇಂವ ಬಾಳ ಜೋರು’ ಅಂತ ಸೌಂಡ್ ಇಳಸ್ತೈತಿ. ನೀವು ಒದರೂದು, ಅದು ಇಳಸೂದು. (ಗಂಡ ಹೆಂಡ್ತಿ ಟಿವಿ ರಿಮೋಟ್ ಹಿಡದಂಗ ಅಂತ ಬರಿಯೂವಾಂವ ಇದ್ದೆ, ಮನ್ಯಾಗ ಓದ್ತಾರ ಅಂತ ಬಿಟ್ಟೆ.)

ಈಗ ದನಿ ಹೆಂಗ ಹೋಗ್ತೈತಿ ಅನ್ನೂದು ಒಂದಿಷ್ಟು ತಿಳ್ಕೋರಿ, ಬೈಯಾಕರ ಅನುಕೂಲ ಆಗ್ತೈತಿ. ನೀವು ‘ಏನಪಾ ಆರಾಮೇನು’ ಅಂದ್ರ ಆ ಮಾತು ಇಡಿಯಾಗಿ ಹೋಗಂಗಿಲ್ಲ. ಸಾಮಾನ್ಯವಾಗಿ ಸೆಕೆಂಡಿಗೆ 50 ತುಂಡು, ಒಂದೊಂದು 20 ಮಿಲಿಸೆಕೆಂಡಿನದು. ಪ್ಯಾಕೆಟ್ ಅಂತಾರ. ಒಂದೊಂದಕ್ಕೂ ನಂಬರ್ ಹಚ್ಚಿ, ವಿಳಾಸ ಬರದು ಕಳಸೂದು.

ಹುಲಗಿ ಜಾತ್ರಿಗೆ ಒಂದ ಮನಿತನದ ಮಂದಿ ನಾಕು ಟ್ರ್ಯಾಕ್ಟರ್‌ದಾಗ ಹೊಂಡ್ತೀರಿ ಅಂತ ತಿಳೀರಿ. ಎಲ್ಲಾ ಒಂದ ಹೊತ್ತಿಗೆ ಹೊಂಟ್ರೂ ಒಂದ ಹೊತ್ತಿಗೆ ಮುಟ್ಟಂಗಿಲ್ಲ. ಒಂದು ಚಾ ಕುಡಿಯಾಕ ನಿಲ್ತೈತಿ, ಒಂದು ಪಂಕ್ಚರ್, ಇನ್ನೊಂದು ಡೀಸೆಲ್ ಹಾಕಸಾಕ. ಅದಕ್ಕ ಗುಡಿ ಮುಂದ ಸ್ವಲ್ಪ ಹೊತ್ತು ನಿಂತು, ಎಲ್ಲಾರೂ ಬಂದ ಮ್ಯಾಲ ಸಾಲಾಗಿ ಒಳಗ ಹೋಗ್ತೀರಿ. ಪಂಕ್ಚರ್ ಆದಾವ್ರಿಗೆ ಎಷ್ಟಂತ ಕಾಯ್ತೀರಿ? ಬಿಟ್ಟು ಹೋಗ್ತೀರಿ.

ಫೋನೂ ಹಂಗ ಮಾಡ್ತೈತಿ. ಬಂದ ಪ್ಯಾಕೆಟ್‌ಗಳನ್ನ ಒಂದಿಷ್ಟು ಹೊತ್ತು ತಡದು, ನಂಬರ್ ಪ್ರಕಾರ ಜೋಡಿಸಿ ನಿಮ್ಮ ಕಿವಿಗೆ ಬಿಡ್ತೈತಿ. ಇದಕ್ಕ ಜಿಟರ್ ಬಫರ್ ಅಂತಾರ. ತಡಾ ಆದದ್ದನ್ನ ಬಿಡ್ತೈತಿ, ‘ಮತ್ತೊಮ್ಮೆ ಕಳಸು’ ಅಂತ ಕೇಳಂಗಿಲ್ಲ. ಯಾಕಂದ್ರ ಅದು ಮತ್ತ ಬರೂ ಹೊತ್ತಿಗೆ ಮಾತು ಮುಂದ ಹೋಗಿರ್ತೈತಿ. ಒಂದೆರಡು ತುಂಡು ಬರದಿದ್ರ ಹಿಂದಿನ ದನಿ ನೋಡಿ ತಾನ ಒಂದಿಷ್ಟು ಕಲ್ಪನಾ ಮಾಡಿ ತುಂಬತೈತಿ.

ಆ ಕಲ್ಪನಾ ಎದ್ದು ಕಾಣಾಕತ್ತಾಗ ನೀವು ‘ರೋಬೋ ಮಾತಾಡಿದಂಗ ಮಾತಾಡಾಕತ್ತೀ’ ಅಂತೀರಲ್ಲ, ಅದ ಅದು. ಮಗಗ ಶೀತ ಆಗಿಲ್ರೀ, ಕಷಾಯ ಕುಡಿಯಾಕ ಹೇಳಬ್ಯಾಡ್ರಿ. ಅವನ ಪ್ಯಾಕೆಟ್ ಬಂದಿಲ್ಲ.

ಇಲ್ಲಿ ನಿಮ್ಮ ದೊಡ್ಡ ಅನುಮಾನ ಬರ್ತೈತಿ: ‘ನಮ್ಮ ಮನ್ಯಾಗ 100 ಎಂಬಿಪಿಎಸ್ ಐತಲ್ರೀ!’ ಇರ್ಲಿ ಬಿಡ್ರಿ. ಮಾತಿಗೆ ಎಷ್ಟು ಬೇಕು ಗೊತ್ತೇನು? ಆಫೀಸ್ ಐಪಿ ಫೋನಿನ ಹಳೇ ಪದ್ಧತಿ ಜಿ.711 ಅಂತ ಐತಿ, ಅದಕ್ಕ ದನಿಗೆ ಸೆಕೆಂಡಿಗೆ 64 ಕಿಲೋಬಿಟ್, ವಿಳಾಸದ ಖರ್ಚು ಸೇರಿ ಸುಮಾರು 80. ನೆಟ್ಟಿನ ಮ್ಯಾಲ ಕಾಲ್ ಮಾಡೂ ಬಾಳ ಆಪ್‌ಗಳು ಬಳಸೂ ಓಪಸ್ ಅಂತ ಒಂದೈತಿ, 2012ರಾಗ ಬಂದದ್ದು, ಅದು 6 ಕಿಲೋಬಿಟ್‌ನ್ಯಾಗೂ ಹೆಂಗೋ ಮಾತು ಮುಟ್ಟಸ್ತೈತಿ. ನಿಮ್ಮ 100 ಎಂಬಿಪಿಎಸ್‌ನ್ಯಾಗ ಇಡೀ ಓಣಿ ಒಮ್ಮೆಲೆ ಹರಟಿ ಹೊಡಿಬಹುದು.

ಹಂಗಾದ್ರ ಯಾಕ ಹರಿತೈತಿ? ಮಾತಿಗೆ ಬೇಕಾಗಿದ್ದು ಹೆಚ್ಚು ನೆಟ್ ಅಲ್ಲ, ತಪ್ಪದಂಗ ಬರೂ ನೆಟ್. ಸ್ಪೀಡ್ ಟೆಸ್ಟ್ ಮಾಡಿ ಡೌನ್‌ಲೋಡ್ ನಂಬರ್ ಅಷ್ಟ ನೋಡಿ ಮೀಸಿ ತಿರುವ್ತೀರಿ. ಕೆಳಗ ಪಿಂಗ್ (ಹೋಗಿ ಬರೂ ಹೊತ್ತು), ಜಿಟರ್ (ಅದರ ಏರಿಳಿತ) ಅಂತ ಸಣ್ಣ ಅಕ್ಷರದಾಗ ಬರದಿರ್ತೈತಿ, ಅದನ್ನ ಎಂದರ ನೋಡೀರೇನು? ಅಪ್‌ಲೋಡ್ ನೋಡೀರೇನು? ನಿಮ್ಮ ಮಾತು ಹೋಗೂದು ಅಪ್‌ಲೋಡ್ ದಾರ್ಯಾಗ ಅನ್ನೂದು ನೆನಪೈತೇನು?

ಮತ್ತ ಆ ದಾರ್ಯಾಗ ನೀವು ಏನು ಹೇರಿರ್ತೀರಿ? ತಂಗಿ ಮದುವಿ ವಿಡಿಯೋ. ಅಕ್ಕಿಕಾಳು ಬೀಳೂದ್ರಿಂದ ಹಿಡದು ಬೀಗರು ಉಣ್ಣೂ ತನಕ, ಒಂದೂ ಬಿಡದಂಗ ಗೂಗಲ್ ಫೋಟೋಸ್‌ಗೆ ಏರಾಕತ್ತಿರ್ತೈತಿ. ಅದ ಹೊತ್ತಿಗೆ ನೀವು ದೊಡ್ಡಪ್ಪಗ ಕಾಲ್ ಮಾಡ್ತೀರಿ. ವಿಡಿಯೋದ ದೊಡ್ಡ ಪ್ಯಾಕೆಟ್ಟು ವೈಫೈ ಡಬ್ಬಿ ಬಾಗಲಾಗ ಪಾಳೆ ಹಚ್ಚಿರ್ತಾವು, ನಿಮ್ಮ ‘ಆರಾಮೇನು’ ಅನ್ನೂ ಸಣ್ಣ ಪ್ಯಾಕೆಟ್ಟು ಅವುಗಳ ಹಿಂದ ನಿಂತಿರ್ತೈತಿ. ದೊಡ್ಡಪ್ಪ ‘ಇಂವ ಉತ್ರಾನ ಕೊಡವಲ್ಲ’ ಅಂತ ಸಿಟ್ಟಾಗ್ತಾನ.

ಉಪಾಯ ಏನು ದೊಡ್ಡದಲ್ಲ. ಬ್ಯಾಕಪ್ ರಾತ್ರಿಗೆ ಇಡ್ರಿ. ಕೆಲವು ಡಬ್ಬಿಯೊಳಗ ಕ್ಯೂಓಎಸ್ ಅಂತ ಒಂದ್ ಸೆಟ್ಟಿಂಗ್ ಇರ್ತೈತಿ, ಮಾತಿಗೆ ಮೊದಲು ದಾರಿ ಬಿಡು ಅಂತ ಅದಕ್ಕ ಹೇಳಬಹುದು. ಅದು ತಿಳೀದಿದ್ರ ಹುಡುಗರಿಗೆ ‘ಕಾಲ್ ಮುಗಿಯೂ ತನಕ ರೀಲ್ಸ್ ಬಂದ್’ ಅನ್ರಿ. (ಸೆಟ್ಟಿಂಗ್ ಮಾಡೂದು ಸಲೀಸು, ಈ ಎರಡನೇದು ಕಠಿಣ.)

ಡಬ್ಬಿ ಅಂದಕೂಡ್ಲೆ ನೆನಪಾತು. ನಿಮ್ಮ ವೈಫೈ ಡಬ್ಬಿ ಎಲ್ಲೈತಿ? ನಾ ಹೇಳ್ಲೇನು? ಕೇಬಲ್‌ದಾಂವ ಬಂದು ‘ಎಲ್ಲಿ ಕೂಡ್ರಸ್ಲ್ರೀ’ ಅಂದ. ನೀವು ‘ಎಲ್ಲ್ಯರ ಕಣ್ಣಿಗೆ ಬೀಳದಂಗ ಕೂಡ್ರಸಪಾ’ ಅಂದ್ರಿ. ಅಂವ ಟಿವಿ ಹಿಂದ, ಮೂಲ್ಯಾಗ, ಕಬ್ಬಿಣದ ತಿಜೂರಿ ಬಾಜೂಕ ಕೂಡ್ರಿಸಿ ಹ್ವಾದ. ಅಕ್ಕಾರು ಅದರ ಮ್ಯಾಲ ಕ್ರೋಶಾ ಹಾಕಿದ ಅರಿವಿ ಹೊಚ್ಚಿದ್ರು. ಅದರ ಮ್ಯಾಲ ಕಿನ್ನಾಳದ ಗೊಂಬಿ.

ಗೊಂಬಿ ಚಂದ ಐತಿ, ಬ್ಯಾಡ ಅನ್ನಂಗಿಲ್ಲ. ಅರಿವಿಯಿಂದ ಡಬ್ಬಿಗೆ ಸೆಕಿ ಆಗ್ತೈತಿ ಅಷ್ಟ. ಆದ್ರ ಕಬ್ಬಿಣದ ತಿಜೂರಿ, ದಪ್ಪನ ಕಲ್ಲಿನ ಗ್ವಾಡಿ, ತುಂಬಿದ ನೀರಿನ ಡ್ರಮ್ಮು, ಇವು ಮೂರೂ ವೈಫೈ ತರಂಗ ತಡೀತಾವು. ತಿಜೂರಿ ಒಳಗಿನ ಬಂಗಾರ ಕಾಯೂ ಕೆಲಸ ಐತಲ್ಲ, ಅದು ನಿಮ್ಮ ಮಾತನ್ನೂ ಹೊರಗ ಬಿಡವಲ್ದು. ಡಬ್ಬಿನ ಮನಿ ನಡುವ, ತಲಿ ಎತ್ತರಕ್ಕ, ಬಯಲಿನ್ಯಾಗ ಇಡ್ರಿ. ದೇವರ ಫೋಟೋ ಬಾಜೂಕ ಇಟ್ರೂ ನಡೀತೈತಿ, ದೇವ್ರು ಏನೂ ಅನ್ನಂಗಿಲ್ಲ.

ಇನ್ನೊಂದು. ಡಬ್ಬಿ ಎರಡು ಹೆಸರು ತೋರಸ್ತೈತಿ, ಒಂದಕ್ಕ ಬಾಲದಾಗ 5ಜಿ ಅಂತ ಇರ್ತೈತಿ. ನೀವು ‘ನಮ್ಮದು 4ಜಿ ಫೋನು’ ಅಂತ ಅದನ್ನ ಮುಟ್ಟಿಲ್ಲ, ಹೌದಲ್ಲೋ? ಅದು ಆ 5ಜಿ ಅಲ್ರೀ! ಅದು 5 ಗಿಗಾಹರ್ಟ್ಸ್. ಇನ್ನೊಂದು 2.4 ಗಿಗಾಹರ್ಟ್ಸ್, ಅದ್ರಾಗ ಬ್ಲೂಟೂತು, ಮೈಕ್ರೋವೇವ್ ಓವನ್ನು, ಬಾಜೂ ಮನಿಯಾವ್ರ ಡಬ್ಬಿ ಎಲ್ಲಾ ಗದ್ದಲ. ಡಬ್ಬಿ ಹತ್ರ ಕುಂತು ಮಾತಾಡೂದಾದ್ರ ಐದಕ್ಕ ಹಚ್ರಿ. ಹಿತ್ತಲಕ್ಕ ಹೋಗೂದಾದ್ರ 2.4ದು, ಅದು ದೂರ ಹೋಗ್ತೈತಿ.

ಹಿತ್ತಲಕ್ಕ ಹೋಗೂದಾದ್ರ ಅಂದೆ. ನೀವು ಯಾಕ ನಡಕೋತ ಮಾತಾಡ್ತೀರಿ? ಕಾಲ್ ಬಂದ ಕೂಡ್ಲೆ ಕಾಲಿಗೆ ಚಕ್ರ ಬರ್ತಾವು. ಪಡಸಾಲಿ, ಅಡಗಿ ಮನಿ, ಹಿತ್ತಲ, ಮಾಳಗಿ, ಮತ್ತ ಪಡಸಾಲಿ. ಫೋನು ವೈಫೈ ಬಿಟ್ಟು ಮೊಬೈಲ್ ಡಾಟಾ ಹಿಡಿಯೂದು, ಅದನ್ನ ಬಿಟ್ಟು ಮತ್ತ ವೈಫೈ ಹಿಡಿಯೂದು. ಪ್ರತಿ ಸಲ ಒಂದ್ ಗುಟುಕು ಮಾತು ಅಲ್ಲೇ ಬಿದ್ದು ಹೋಗ್ತೈತಿ. ಕುಂದ್ರಿ ಒಂದ್ ಕಡಿ!

ಮನಿ ಗ್ವಾಡಿ ದಪ್ಪ ಇದ್ದು ಒಳಗ ಟವರ್ ಸಿಗದಿದ್ರ, ಫೋನಿನ ಸೆಟ್ಟಿಂಗಿನ್ಯಾಗ ವೈಫೈ ಕಾಲಿಂಗ್ ಅಂತ ಒಂದ್ ಗುಂಡಿ ಹುಡುಕ್ರಿ. 2019ರ ಕಡೀಗೆ ನಮ್ಮ ದೇಶಕ್ಕ ಬಂದದ್ದು. ಸಾದಾ ನಂಬರಿಂದ ಸಾದಾ ನಂಬರಿಗೆ ಮಾಡಿದ ಕಾಲು ಮನಿ ವೈಫೈ ಮ್ಯಾಲ ಹೋಗ್ತೈತಿ, ಆ ಕಡಿಯಾವ್ರಿಗೆ ನೆಟ್ ಬೇಕಾಗಿಲ್ಲ. ಆ ಗುಂಡಿ ನಿಮ್ಮ ಫೋನಿನ್ಯಾಗ ಮೊದಲಿಂದ ಐತಿ. ನೀವು ವಾಲ್‌ಪೇಪರ್ ಬದಲಿ ಮಾಡಾಕಷ್ಟ ಸೆಟ್ಟಿಂಗಿಗೆ ಹೋಗ್ತೀರಿ.

ಈಗ ಸ್ಪೀಕರ್. ಅಯ್ಯಯ್ಯೋ, ಈ ಸ್ಪೀಕರ್! ಫೋನ್ ಕಿವಿಗೆ ಹಚ್ಚೂದು ಬಿಟ್ಟು ಬಾಯಿ ಮುಂದ ರೊಟ್ಟಿ ಹಿಡದಂಗ ಹಿಡೀತೀರಿ, ಸ್ಪೀಕರ್ ಆನ್. ಬಸ್ಸಿನ್ಯಾಗ, ದವಾಖಾನಿಯಾಗ, ಸಂತ್ಯಾಗ. ಗಂಗಾವತಿ ಬಸ್ಸಿನ್ಯಾಗ ನಿಮ್ಮ ಮನಿ ಸೊಸಿ ಸುದ್ದಿ ಕಂಡಕ್ಟರ್‌ಗೂ ಬಾಯಿಪಾಠ ಆಗೈತಿ. ನೀವು ಇಳಿಯೂ ಮುಂದ ಅಂವ ‘ಸೊಸಿ ಬಂದ್ಲೇನ್ರೀ?’ ಅಂತ ಕೇಳಿದ್ರ ಮಾತ್ರ ನಿಮಗ ಸಿಟ್ಟು ಬರ್ತೈತಿ.

ಅದಿರ್ಲಿ. ನಿಮ್ಮ ಮಾತು ನಿಮಗ ತಿರುಗಿ ಕೇಳಸ್ತೈತಲ್ಲ, ಎಕೋ, ಅದು ಯಾರ ತಪ್ಪು? ನೀವು ಥಟ್ಟನ ನಿಮ್ಮ ಫೋನ್ ಬಡೀತೀರಿ. ನಿಮ್ಮ ಫೋನ್ ಪಾಪ ಏನೂ ಮಾಡಿಲ್ಲ. ನಿಮ್ಮ ದನಿ ಆ ಕಡಿ ಸ್ಪೀಕರಿನಿಂದ ಹೊರಗ ಬಂದು, ಅಲ್ಲಿನ ಮೈಕಿನೊಳಗ ಮತ್ತ ಹೊಕ್ಕು ನಿಮಗ ವಾಪಸ್ ಬಂದೈತಿ. ಅಂದ್ರ ನಿಮಗ ಎಕೋ ಕೇಳಸಿದ್ರ ತಪ್ಪು ಆ ಕಡಿಯಾವ್ರದು. ಅವ್ರಿಗೆ ಕೇಳಸಿದ್ರ? ಹೇಳ್ರಿ, ಹೇಳ್ರಿ. ನಿಮ್ದು!

ಇದು ಬಾಳ ಉಪಯೋಗದ ಜ್ಞಾನ ನೋಡ್ರಿ. ಇನ್ನ ಮ್ಯಾಲ ಎಕೋ ಬಂದ್ರ ‘ಏ ತಮ್ಮಾ, ಸ್ಪೀಕರ್ ಬಂದ್ ಮಾಡು’ ಅಂತ ಠಸ್ಸನ ಹೇಳಬಹುದು. ಅಂವ ‘ನಿನಗ ಹೆಂಗ ಗೊತ್ತಾತು?’ ಅಂತ ಗಾಬ್ರಿ ಆಗ್ತಾನ. ಅವನ ಬಾಜೂಕ ಕುಂತು ಕಳ್ಳಗಿವಿ ಕೊಟ್ಟಾವ್ರಿಗೆ ಇನ್ನೂ ಗಾಬ್ರಿ.

ಮೈಕ್ ಎಲ್ಲೈತಿ ಗೊತ್ತೈತೇನು? ಫೋನಿನ ಕೆಳಗಿನ ಅಂಚಿನ್ಯಾಗ ಒಂದ್ ಸಣ್ಣ ತೂತು. ನೀವು ಸರಿಯಾಗಿ ಅಲ್ಲೇ ಬೆರಳು ಇಡ್ತೀರಿ. ಇಲ್ಲಾ ಸಂತ್ಯಾಗಿನ ಕವರ್ ಹಾಕಿರ್ತೀರಿ, ಅದಕ್ಕ ತೂತಿಲ್ಲ. ಇಲ್ಲಾ ಅವ್ವ ರೊಟ್ಟಿ ಬಡಿಯೂ ಕೈಲೆ ಫೋನ್ ಎತ್ತ್ಯಾಳ, ತೂತಿನ ತುಂಬ ಜ್ವಾಳದ ಹಿಟ್ಟು. ‘ನಿಮ್ಮ ಅಮ್ಮನ ದನಿ ಕಡಿಮಿ ಆಗೇತಿ, ಆರಾಮಿಲ್ಲೇನು’ ಅಂತ ಬೀಗರು ಕೇಳ್ತಾರ. ಆರಾಮ್ ಅದಾಳ್ರಿ, ಹಿಟ್ಟಾಗೇತಿ.

ಅದನ್ನ ತಗಿಯಾಕ ಪಿನ್ನು ಹಾಕಬ್ಯಾಡ್ರಿ. (ಕೈ ಆಗ್ಲೇ ಸೀರಿ ಪಿನ್ನಿನ ಕಡಿ ಹೊಂಟಿತ್ತು, ನೋಡೀನಿ.) ಒಳಗಿನ ಪರದಾ ಹರಿತೈತಿ, ಆಮ್ಯಾಲ ಖರೇನ ರಿಪೇರಿ ಅಂಗಡಿ. ಒಣಾ ಹಲ್ಲುಜ್ಜೂ ಬ್ರಶ್ಶಿನಿಂದ ಹಗರ್ಕ ಝಾಡ್ಸಿದ್ರ ಆತು. ಹಳೇ ಬ್ರಶ್ಶು, ಮಾವಾರ್ದಲ್ಲ.

ಇನ್ನ ಕಿವಿಗೆ ಹಾಕೂ ಬ್ಲೂಟೂತ್. ಹಾಡು ಕೇಳೂ ಮುಂದ ಬಾಳ ಚಂದ, ಕಾಲ್ ಬಂದ ಕೂಡ್ಲೆ ಹಳೇ ರೇಡಿಯೋ. ಯಾಕಂದ್ರ ಮೈಕೂ ಬೇಕಾದಾಗ ಅದು ಬ್ಯಾರೇ ಪದ್ಧತಿಗೆ ಹೋಗ್ತೈತಿ, ದನಿ ಸಣ್ಣ ಕಿಂಡಿಯಾಗ ಹಾಯಬೇಕಾಗ್ತೈತಿ. ಹಳೇ ನೆಕ್‌ಬ್ಯಾಂಡ್‌ಗಳು ಹಳೇ ಲ್ಯಾಂಡ್‌ಲೈನಿನಂಗ 300ರಿಂದ 3,400 ಹರ್ಟ್ಸ್ ಅಷ್ಟ ದಾಟಿಸ್ತಾವು. ‘ಸ’ ಅನ್ನೂದ್ರ ಸದ್ದು ಬಾಳಷ್ಟು ಅದಕ್ಕಿಂತ ಮ್ಯಾಲ ಇರ್ತೈತಿ.

ಅಂದ್ರೇನಾತು? ಬೆಂಗಳೂರಿನ ಮಗ ‘ರೊಕ್ಕ ಸಾಕು’ ಅಂದ್ರ ನಿಮಗ ‘ರೊಕ್ಕ ಹಾಕು’ ಅಂತ ಕೇಳಸ್ತೈತಿ. ನೀವು ಫೋನ್‌ಪೇ ಮಾಡ್ತೀರಿ. ಮಗ ‘ನಾ ಬ್ಯಾಡ ಅಂದಿದ್ದೆ’ ಅನ್ನಂಗಿಲ್ಲ. (ನೀವಿದ್ರೂ ಅಂತಿದ್ದಿಲ್ಲ.) ತಂತಿ ಇರೂ ಇಯರ್‌ಫೋನು ನೂರೈವತ್ತು ರೂಪಾಯಿಗೆ ಸಿಗ್ತೈತಿ, ಈ ಲೆಕ್ಕದಾಗ ಅದ ಸೋವಿ.

ಮಗಳು ಕ್ಯಾಲಿಫೋರ್ನಿಯಾದಾಗ ಇದ್ದಾಳೇನು? ಹಂಗಿದ್ರ ನಿಮ್ಮ ಕಥಿ ನನಗ ಗೊತ್ತೈತಿ. ನೀವು ‘ಮತ್ತ’ ಅಂತೀರಿ, ಅದ ಹೊತ್ತಿಗೆ ಆಕಿ ‘ಅಪ್ಪಾ’ ಅಂತಾಳ. ಇಬ್ರೂ ನಿಲ್ಲಸ್ತೀರಿ. ‘ಹೇಳು ಹೇಳು.’ ‘ನೀ ಹೇಳಪಾ.’ ‘ಇಲ್ಲವಾ, ನೀ ಹೇಳು.’ ಮತ್ತ ಇಬ್ರೂ ಕೂಡೇ ಶುರು. ‘ಮೊದಲ ನೀವು, ಮೊದಲ ನೀವು’ ಅನ್ಕೋತ ಲಖನೌದ ನವಾಬರು ರೈಲು ಹತ್ತಿದಂಗ ಆತು.

ಇದು ಸಮುದ್ರದ ತಳದಾಗಿನ ಕೇಬಲ್ಲಿನ ಆಟ. ಗಾಜಿನ ಎಳಿಯೊಳಗ ಬೆಳಕು ಸೆಕೆಂಡಿಗೆ 2 ಲಕ್ಷ ಕಿಲೋಮೀಟರ್ ಓಡ್ತೈತಿ. ಅಲ್ಲಿಗೆ ನೆಟ್ಟಗ ಎಳದ್ರೂ ಸುಮಾರು 14,000 ಕಿಲೋಮೀಟರ್, ಅಂದ್ರ ಬರೇ ಓಟಕ್ಕ 70 ಮಿಲಿಸೆಕೆಂಡು. ಕೇಬಲ್ಲು ನೆಟ್ಟಗ ಹೋಗಂಗಿಲ್ಲ, ನಡುವ ನಿಲ್ದಾಣ ಬ್ಯಾರೇ, ಜಿಟರ್ ಬಫರ್ ಬ್ಯಾರೇ, ನಿಮ್ಮ ವೈಫೈ ಬ್ಯಾರೇ. ಒಂದ್ ಕಡಿಗೆ 150 ಮಿಲಿಸೆಕೆಂಡಿನ ಒಳಗಿದ್ರ ಮಾತು ಸಲೀಸು ಅಂತ ಅಂತರರಾಷ್ಟ್ರೀಯ ಟೆಲಿಕಾಂ ಒಕ್ಕೂಟ ಹೇಳೈತಿ. 400 ದಾಟಿದ್ರ ಜಗಳಾನ.

ಬೆಳಕಿನ ಓಟ ಹೆಚ್ಚಸಾಕ ನಿಮ್ಮ ಕಡಿಂದ ಆಗಂಗಿಲ್ಲ. ನಿಮ್ಮ ಕಡಿಂದ ಆಗೂದು ಒಂದ: ಆಕಿ ಮಾತು ಮುಗಿಸಿದ ಮ್ಯಾಲ ಒಂದ್ ಉಸಿರು ಬಿಟ್ಟು ಮಾತಾಡೂದು. ಆಗತೈತೇನು ನಿಮ್ಮ ಕಡಿಂದ? ಎದುರಿಗೆ ಕುಂತಾವ್ರು ಬಾಯಿ ಮುಚ್ಚೂ ಮೊದಲ ‘ಅದ ಅದ, ನಾನೂ ಅದ ಹೇಳಾಂವ ಇದ್ದೆ’ ಅನ್ನೂ ಮಂದಿ ನಾವು. ಕಟ್ಟಿ ಮ್ಯಾಲ ನಾಕು ಮಂದಿ ಕುಂತ್ರ ನಾಕೂ ಮಂದಿ ಮಾತಾಡ್ತೀವಿ, ಯಾರು ಕೇಳ್ತಾರ ಅನ್ನೂದು ಆ ಬಸವಣ್ಣಗ ಗೊತ್ತು. ಅದರಾಗ ಗ್ರೂಪ್ ಕಾಲ್ ಮಾಡಿದ್ರಂತೂ ಕೇಳಬ್ಯಾಡ್ರಿ.

ಗ್ರೂಪ್ ಕಾಲಿಗೆ ಒಂದ್ ಮಾತು. ಮ್ಯೂಟ್ ಅಂತ ಗುಂಡಿ ಐತಿ. ಅಜ್ಜಿ ಮಾತಾಡೂ ಮುಂದ ಉಳದ ಆರು ಮನಿ ಟಿವಿ, ಎರಡು ಮನಿ ಮಿಕ್ಸರ್, ಒಂದ್ ಮನಿ ನಾಯಿ ಎಲ್ಲಾ ಕೂಡಿ ಬರ್ತಾವು. ಫ್ಯಾನು, ಕೂಲರಿನಂಥಾ ಒಂದ ನಮೂನಿ ಸದ್ದು ಆಪ್ ತಾನ ಅಳಿಸ್ತೈತಿ (ಏಪ್ರಿಲ್-ಮೇದಾಗ ಕೂಲರ್ ಬಂದ್ ಮಾಡ್ರಿ ಅಂದ್ರ ನನಗ ಪಾಪ ಬರ್ತೈತಿ). ಆದ್ರ ಸೀರಿಯಲ್ಲಿನ ಅತ್ತಿ ಯಾರು, ನಿಮ್ಮ ಮನಿ ಅತ್ತಿ ಯಾರು ಅನ್ನೂದು ಅದಕ್ಕ ತಿಳಿಯಂಗಿಲ್ಲ. ಎರಡೂ ಒಂದ ನಮೂನಿ ಒದರ್ತಾವು.

ಅದ ಅಳಿಸೂ ಜಾಣತನ ಒಮ್ಮೊಮ್ಮೆ ಮೂಗು ಕೊಯ್ತೈತಿ. ಅಜ್ಜ ಮೊಮ್ಮಗಗ ಕಾಲಿನ್ಯಾಗ ಭಜನಿ ಪದ ಕೇಳಸ್ಬೇಕಂತ ಹಾರ್ಮೋನಿಯಂ ಹಿಡದು ಕುಂತ ಅನ್ರಿ. ಶ್ರುತಿ ಒಂದ ಸಮ ಎಳದ್ರ ಆಪಿಗೆ ಅದು ಫ್ಯಾನಿನ ಸದ್ದು! ಹಾರ್ಮೋನಿಯಂ ಅಳಿಸಿ ಅಜ್ಜನ ಕೆಮ್ಮು ಅಷ್ಟ ಕಳಸ್ತೈತಿ. ಹಾಡೂದಿದ್ರ ರೆಕಾರ್ಡ್ ಮಾಡಿ ಕಳಸ್ರಿ. ಕೆಮ್ಮು ಬೇಕಾದ್ರ ಕತ್ತರಿಸಿ ತಗೀಬಹುದು.

ಅಂಗಡಿ, ರೈಸ್ ಮಿಲ್ಲು, ಆಫೀಸು ಇಟ್ಟಾವ್ರು ‘ನಮ್ಮ ಐಪಿ ಫೋನಿನ ಸುದ್ದಿ ಹೇಳ್ರಿ’ ಅಂತೀರಿ. ಎರಡ ಮಾತು. ಫೋನಿಗೆ ವೈಫೈ ಬಿಟ್ಟು ನೆಟ್ಟಗ ಲ್ಯಾನ್ ತಂತಿ ಹಚ್ರಿ. ‘ಅವ್ರಿಗೆ ನಾ ಕೇಳಸ್ತೀನಿ, ನನಗ ಅವ್ರು ಕೇಳಸಂಗಿಲ್ಲ’ ಅಂತ ಆಗಾಕತ್ತಿದ್ರ ಫೋನ್ ಬದಲಿ ಮಾಡಬ್ಯಾಡ್ರಿ, ಬಹಳ ಮಾಡಿ ರೌಟರ್ ಒಳ ಬರೂ ದನಿಗೆ ಬಾಗಲ ತಗದಿರಂಗಿಲ್ಲ. ಅದ್ರಾಗ ಎಸ್‌ಐಪಿ ಎಎಲ್‌ಜಿ ಅಂತ ಸೆಟ್ಟಿಂಗ್ ಆನ್ ಇದ್ರ ಆಫ್ ಮಾಡಿಸಿ ನೋಡ್ರಿ. ಸಿಸಿಟಿವಿನೂ ಅದ ನೆಟ್ಟಿಗೆ ಜೋತು ಬಿದ್ದಿದ್ರ ಅದರ ದಾರಿ ಬ್ಯಾರೇ ಮಾಡಿಸ್ರಿ. ಸಾಕು, ನೀವು ಉಳದದ್ದು ನಿಮ್ಮ ಕಂಪ್ಯೂಟರ್ ಹುಡುಗನ ಮ್ಯಾಲ ಹಾಕ್ತೀರಿ, ನನಗ ಗೊತ್ತು.

ಇಷ್ಟೆಲ್ಲಾ ಹೇಳಿ ನನಗೊಂದು ಅನುಮಾನ. ಹತ್ರ ಬರ್ರಿ, ಸಣ್ಣಗ ಹೇಳ್ತೀನಿ. ನಿಮಗ ಖರೇನ ದನಿ ಸ್ವಚ್ಛ ಬರಬೇಕಾಗೈತೇನು? ಡಬ್ಬಿ ನಡುಮನಿಗೆ ಬಂತು, ತೂತಿನ ಹಿಟ್ಟು ಹೋತು, ವಿಡಿಯೋ ರಾತ್ರಿಗೆ ಹೋತು. ಗಾಜಿನಂಥಾ ದನಿ. ಅಂಥಾ ಹೊತ್ತಿನ್ಯಾಗ ಕೈಗಡ ಕೊಟ್ಟಾವನ ಕಾಲ್ ಬಂದ್ರ ಏನ್ ಮಾಡ್ತೀರಿ?

ಯಾಕಂದ್ರ ನಿಮ್ಮ ನೆಟ್‌ವರ್ಕ್ ಬಾಳ ಶ್ಯಾಣೇದು ಐತಿ. ಬೀಗರು ಊಟಕ್ಕ ಕರದ್ರ ಹಿತ್ತಲದಾಗೂ ಫುಲ್ ಕಡ್ಡಿ. ಚೀಟಿ ರೊಕ್ಕದಾಂವ ಮಾಡಿದ್ರ ‘ಹಲೋ... ಹಲೋ... ಕೇಳಸವಲ್ದು... ಕಟ್ ಆಗಾಕತ್ತೈತ್ರೀ, ಆಮ್ಯಾಲ ಮಾಡ್ತೀನಿ’. ಹೆಂಡ್ತಿ ‘ಬರೂ ಮುಂದ ಎರಡು ಕಿಲೋ ಉಳ್ಳಾಗಡ್ಡಿ’ ಅಂದ್ರ ಟೋಲ್ ಹತ್ರ ಟವರ್ ಇಲ್ಲ. ಅದ ಟೋಲ್ ಹತ್ರ ಕ್ರಿಕೆಟ್ ಲೈವ್ ಮಾತ್ರ ಒಂದೂ ಬಾಲ್ ತಪ್ಪದ ಬರ್ತೈತಿ.

ಈ ವಿದ್ಯೆ ಇನ್ನ ಮ್ಯಾಲ ಬಾಳ ದಿನ ನಡಿಯಂಗಿಲ್ಲ ಅಂತ ಎಚ್ಚರ ಕೊಡಾಕ ಇಷ್ಟು ಬರದೆ. ಖರೇ ನೆಟ್ ಹೋದ್ರ ಪರದಾ ಮ್ಯಾಲ ‘ರೀಕನೆಕ್ಟಿಂಗ್’ ಅಂತ ಬರ್ತೈತಿ, ಅವ್ರಿಗೂ ಕಾಣಸ್ತೈತಿ. ನೀವು ನಾಟಕ ಮಾಡಿದ್ರ ಬರಂಗಿಲ್ಲ. ಅದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದೈತಿ. ಖರೇ ಹರದ್ರ ನಿಮ್ಮ ಸುತ್ತಲಿನ ಸದ್ದೂ ಕೂಡೇ ಹರಿತೈತಿ. ನೀವೇನ್ ಮಾಡ್ತೀರಿ? ಬಾಯಿಲೆ ‘ಕ... ಟ್... ಆ... ಗಾ... ಕ...’ ಅಂತೀರಿ, ಹಿಂದ ಟಿವಿಯೊಳಗ ಸೀರಿಯಲ್ಲಿನ ಅತ್ತಿ ಒಂದಕ್ಷರ ಹರೀದಂಗ ಸೊಸಿಗೆ ಬೈಯಾಕತ್ತಿರ್ತಾಳ!

ಟಿವಿ ಬಂದ್ ಮಾಡಿ ನಾಟಕ ಮಾಡ್ತೀನಿ ಅಂತೀರಾ? ಮಾಡ್ರಿ. ಆದ್ರ ಈ ಬರಹ ನಿಮ್ಮ ಮನಿಗೆ ಒಂದ ಬರಂಗಿಲ್ಲ, ಕೈಗಡ ಕೊಟ್ಟಾವನ ಮನಿಗೂ ಬರ್ತೈತಿ. ಅಂವ ಇದನ್ನ ನಿಮಗಿಂತ ಮೊದಲ ಓದ್ಯಾನ. ಅವನ ವೈಫೈ ಡಬ್ಬಿ ಆಗ್ಲೇ ನಡುಮನಿಗೆ ಬಂದೈತಿ.